ಸೋಮವಾರ ಹೊರಬಂದ ಪತಂಗ

ಕೃಷಿ ಇಲಾಖೆಯಲ್ಲಿ ಕೆಲಸ ಮಾಡಿದವರ ಮನೆಯಲ್ಲಿ ಖಾಲಿ ಬಾಟಲಿಗೆ ಸಾವಿಲ್ಲ. ನಾನು ನಿವೃತ್ತಳಾಗಿ ವರ್ಷಗಳೇ ಆದವು. ಆದರೂ ಗುಂಡ್ಲುಪೇಟೆಯ ನಮ್ಮ ಅಡುಗೆಮನೆಯ ಅಟ್ಟದ ಮೇಲೆ ಉಪ್ಪಿನಕಾಯಿ ಬಾಟಲಿ, ಕಾಫಿಪುಡಿ ಬಾಟಲಿ, ಜೇನಿನ ಬಾಟಲಿ ಇನ್ನೂ ಸಾಲಾಗಿ ನಿಂತಿವೆ. ಎಲ್ಲದರ ಮುಚ್ಚಳಕ್ಕೂ ಮೊಳೆಯಿಂದ ಹೊಡೆದ ತೂತು. ಮಗಳು ಬಂದಾಗಲೆಲ್ಲ ಗುಜರಿಯವನಿಗೆ ಹಾಕೋಣ ಅನ್ನುತ್ತಾಳೆ. ನಾನು ಕೇಳಿಸದವಳ ಹಾಗೆ ಇದ್ದುಬಿಡುತ್ತೇನೆ.

ಮೊನ್ನೆ ಇಲಾಖೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮನೆ ಹುಡುಕಿಕೊಂಡು ಬಂದಿದ್ದಳು. ನಾನು ಬಹುಕಾಲ ಸಹಾಯಕ ಕೃಷಿ ಅಧಿಕಾರಿಯಾಗಿದ್ದ ಬೇಗೂರು ಹೋಬಳಿಯನ್ನೇ ಅವಳಿಗೂ ಕೊಟ್ಟಿದ್ದಾರೆ. 'ಕೆಲಸ ನಿಜವಾಗಿ ಹೇಗಿರುತ್ತೆ ಮೇಡಮ್?' ಅಂದಳು. ಆಪ್, ಸಬ್ಸಿಡಿ, ಬೆಳೆ ಸಮೀಕ್ಷೆ ಇವೆಲ್ಲ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಬಡ್ತಿ, ವರ್ಗಾವಣೆಯ ಕಥೆ ಹೇಳಿದರೆ ಆಕಳಿಸಿಯಾಳು. ನನ್ನ ಹತ್ತಿರ ಇರುವುದು ಹುಳದ ಕಥೆ. ಊರುಗಳಲ್ಲಿ ನನ್ನನ್ನು ಕರೆಯುತ್ತಿದ್ದದ್ದೂ 'ಹುಳದ ಮೇಡಮ್' ಅಂತಲೇ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ, ಅವಳ ಹಾಗೆ ಈಗಷ್ಟೇ ಕೆಲಸಕ್ಕೆ ಸೇರಿದ ಉಳಿದವರಿಗೂ ಇರಲಿ ಅಂತ.

ನಾನು ಸೇರಿದ ಕಾಲದಲ್ಲಿ ಹುಳ ಅಂದರೆ ವಿಷದ ಪುಡಿ. ಯಾವ ಹುಳ, ಯಾವ ಬೆಳೆ, ಯಾರೂ ಕೇಳುತ್ತಿರಲಿಲ್ಲ. ಗೋದಾಮಿನಲ್ಲಿ ಮೂಟೆ ಇರುತ್ತಿತ್ತು, ರೈತರು ಬರಿಗೈಯಲ್ಲಿ ಎರಚುತ್ತಿದ್ದರು, ಅದೇ ಕೈಯನ್ನು ಪಂಚೆಗೆ ಒರೆಸಿಕೊಂಡು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ನೋಡಿದರೆ ಮೈ ಜುಂ ಅನ್ನುತ್ತಿತ್ತು. ಹೇಳಿದರೆ ನಗುತ್ತಿದ್ದರು. ಆಮೇಲೆ ಸಿಂಪಡಿಸುವ ಎಣ್ಣೆಯ ಡಬ್ಬಿಗಳು ಬಂದವು, ಪತಂಗವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಬಂತು, ಈಗ ಫೋಟೊ ಬಂದಿದೆ. ರೈತ ಹೊಲದಲ್ಲಿ ನಿಂತೇ ಫೋಟೊ ಹೊಡೆದು ಕಳಿಸುತ್ತಾನೆ, ಕೆಳಗೆ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ. ಆಗೆಲ್ಲ ರೋಗಿಯನ್ನೇ ಹೊತ್ತು ತರುತ್ತಿದ್ದರು. ಒಬ್ಬರು ಬುಡಸಮೇತ ಬಾಳೆಗಿಡವನ್ನು ಮೊಪೆಡ್ಡಿನ ಹಿಂದೆ ಕೂರಿಸಿ, ಬೀಳದ ಹಾಗೆ ಹೆಂಡತಿಯ ಸೀರೆಯಲ್ಲಿ ಕಟ್ಟಿಕೊಂಡು ಆಫೀಸಿಗೆ ತಂದಿದ್ದರು. ಸೀರೆ ಹುಡುಕಿಕೊಂಡು ಆ ಹೆಂಗಸು ಹಿಂದೆಯೇ ಬಂದ ಬಸ್ಸಿನಲ್ಲಿ ಬಂದಿಳಿದಳು. ಬಾಳೆಯ ರೋಗ ಪಕ್ಕಕ್ಕಿರಲಿ, ಮೊದಲು ಆ ಜಗಳ ಬಿಡಿಸಬೇಕಾಯಿತು.

ಬೆಂಕಿಪೊಟ್ಟಣದಲ್ಲಿ ಹುಳ ತರುವವರು ಬಹಳ. ಬಸ್ಸಿನ ಕುಲುಕಾಟದಲ್ಲಿ ಅದು ಅಪ್ಪಚ್ಚಿಯಾಗಿ, ಕಡ್ಡಿಗೆ ಅಂಟಿಕೊಂಡು ಬರುತ್ತಿತ್ತು. ಬೇಗೂರಿನ ಸುತ್ತ ಬೇರು ತಿನ್ನುವ ಹುಳವೆಲ್ಲ ಗೊಣ್ಣೆಹುಳವೇ. ಬೆಳ್ಳಗೆ, ದಪ್ಪಗೆ, ತಲೆ ಕಂದು, ಕುಡುಗೋಲಿನ ಹಾಗೆ ಬಾಗಿ ಮಲಗಿರುತ್ತದಲ್ಲ, ಅದು. ಗಿಡ ಬಾಡಿತೋ, ಗೊಣ್ಣೆ. ಅದಕ್ಕೊಂದು ಔಷಧಿ, ಬಾಯಿಪಾಠ. ಅದಕ್ಕೇ ನಾನು ಬಾಟಲಿಯ ಅಭ್ಯಾಸ ಮಾಡಿಕೊಂಡೆ. ಹುಳವನ್ನು ಅದು ಇದ್ದ ಮಣ್ಣಿನ ಜೊತೆ ತಂದು, ಅದು ತಿನ್ನುವುದನ್ನೇ ಕೊಟ್ಟು ಸಾಕಿದರೆ ಒಂದು ದಿನ ರೆಕ್ಕೆ ಬಿಚ್ಚಿ ತಾನು ಯಾರು ಅಂತ ತಾನೇ ಹೇಳುತ್ತದೆ. ಕಾಯುವ ತಾಳ್ಮೆ ಬೇಕು, ಅಷ್ಟೇ. ನನಗೆ ಬೇರೆ ಯಾವುದರಲ್ಲೂ ಇಲ್ಲದ ತಾಳ್ಮೆ ಇದರಲ್ಲಿ ಮಾತ್ರ ಇತ್ತು ಅಂತ ನಮ್ಮ ಯಜಮಾನರು ಹೇಳುತ್ತಿದ್ದರು.

ಮೇಲಧಿಕಾರಿಗಳು ಥರಾವರಿ ಬಂದರು. ಒಬ್ಬರಿಗೆ ಜೀಪಿನಿಂದ ಇಳಿಯುವುದೆಂದರೆ ಆಗದು. ಹೊಲವೇ ರಸ್ತೆಗೆ ಬರಬೇಕು. ಇನ್ನೊಬ್ಬರಿಗೆ ಎಲ್ಲದಕ್ಕೂ ಟಾರ್ಗೆಟ್, ಮಳೆಗೂ ಟಾರ್ಗೆಟ್ ಹಾಕಿಯಾರು ಅಂತ ನಾವು ಆಡಿಕೊಳ್ಳುತ್ತಿದ್ದೆವು. ನನ್ನ ಸರ್ವಿಸಿನ ಕೊನೆಯಲ್ಲಿ ಚಾಮರಾಜನಗರದಿಂದ ಮೇಲ್ವಿಚಾರಣೆಗೆ ಬರುತ್ತಿದ್ದವರನ್ನು ನಾವು ಬೆನ್ನ ಹಿಂದೆ 'ರಿಸ್ಕ್ ಸಾಹೇಬರು' ಅನ್ನುತ್ತಿದ್ದೆವು. ಮಾತು ಆರಂಭವಾಗುವುದೂ ಮುಗಿಯುವುದೂ 'ರಿಸ್ಕ್ ಬೇಡ ಮೇಡಮ್' ಅಂತ. ಕೆಟ್ಟವರಲ್ಲ. ಹೊಲಕ್ಕೆ ಇಳಿಯುತ್ತಿದ್ದರು, ಕೆಸರಾದರೆ ಪ್ಯಾಂಟು ಮಡಚುತ್ತಿದ್ದರು. ಆದರೆ ಎಲ್ಲೋ ಏನೋ ಆಗಿ ಬೆಂಗಳೂರಿನಿಂದ ತಮಗೆ ಫೋನು ಬಂದೀತು ಅನ್ನುವ ಅಂಜಿಕೆ ಅವರನ್ನು ಬಿಟ್ಟು ಇರುತ್ತಿರಲಿಲ್ಲ.

ಅವರಿದ್ದಾಗಿನ ಒಂದು ವರ್ಷದ ಕಥೆಗೆ ಬರುತ್ತೇನೆ. ಬೇಗೂರಿಗೆ ಸೇರಿದಂತೆಯೇ ಇರುವ ಒಂದು ಸಣ್ಣ ಊರಿನಲ್ಲಿ ಪುಟ್ಟತಾಯಮ್ಮ ಅನ್ನುವ ಹೆಣ್ಣುಮಗಳು ಬೀಟ್‌ರೂಟ್ ಹಾಕಿದ್ದಳು. ಗಂಡನಿಗೆ ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ, ಹೊಲದ ಕಡೆ ತಲೆ ಹಾಕುತ್ತಿರಲಿಲ್ಲ. ಮಾವ ಗುರುಮಲ್ಲಪ್ಪನವರಿಗೆ ಮಂಡಿನೋವು. ಕೇರಳದ ಶುಂಠಿಯವರು ಬಂದು ಹೊಲವನ್ನು ಗುತ್ತಿಗೆಗೆ ಕೇಳಿಹೋಗಿದ್ದರು. ಆ ಕಡೆ ಅದು ಹೊಸದಲ್ಲ, ಅಕ್ಕಪಕ್ಕದವರೆಲ್ಲ ಕೊಟ್ಟು ನೆರಳಲ್ಲಿ ಕೂತಿದ್ದರು. ಗುರುಮಲ್ಲಪ್ಪನವರಿಗೂ ಮನಸ್ಸಿತ್ತು. ಸೊಸೆ ಮಾತ್ರ ಅಡ್ಡ ನಿಂತಳು. 'ಒಂದ್ ಬೆಳೆ ತಗೀತೀನಿ ಮಾವ. ಕೈಗ್ ಬಂದ್ರೆ ಹೊಲ ನಾ ಮಾಡ್ಕಂಡೋಯ್ತೀನಿ. ಬರ್ನಿಲ್ಲ ಅಂದ್ರೆ ಶುಂಠಿಯವ್ರಿಗೇ ಕೊಟ್ಬುಡಿ, ಬಾಯ್ ಬುಡಲ್ಲ' ಅಂದಿದ್ದಳಂತೆ. ಮನೆಯವರೆಲ್ಲರ ಮುಂದೆ ಆಡಿದ ಮಾತು. ಹೊಲ ಗುತ್ತಿಗೆಗೆ ಹೋದರೆ ಅವಳು ಪಕ್ಕದವರ ಹೊಲಕ್ಕೆ ಕೂಲಿಗೆ ಹೋಗಬೇಕು, ಇಲ್ಲವೇ ಮನೆಯಲ್ಲಿ ಕೂರಬೇಕು. ಅವಳು ಕೂರುವ ಜಾತಿಯವಳಲ್ಲ.

ಗೆಡ್ಡೆ ಕಟ್ಟುವ ಹೊತ್ತಿಗೆ ಗಿಡ ಬಾಡತೊಡಗಿದವು. ಒಂದು ಬೆಳಿಗ್ಗೆ ಅವಳು ಬೀಟ್‌ರೂಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಆಫೀಸಿಗೆ ಬಂದಳು. ಗೆಡ್ಡೆಯ ಮೈಯಲ್ಲಿ ಹಳ್ಳ ಹಳ್ಳ.

'ಗೊಣ್ಣೆ ಅಂತಾವ್ರೆ ಎಲ್ರೂವೆ. ನಂಗ್ಯಾಕೋ ಅಂಗನ್ಸಲ್ಲ ಮೇಡಮ್ನೋರೆ. ಮುಟ್ಟುದ್ರೆ ಚಕ್ಲಿ ಸುತ್ಕಂಡಂಗೆ ಸುತ್ಕತದೆ' ಅಂದಳು.

ಹೋಗಿ ಬುಡ ಕೆದಕಿದೆ. ಬೂದಿಬಣ್ಣದ, ಎಣ್ಣೆ ಸವರಿದ ಹಾಗೆ ಜಿಡ್ಡುಜಿಡ್ಡಾದ ಹುಳ. ಗೊಣ್ಣೆಯಲ್ಲ, ಪತಂಗದ ಮರಿ. ಹಗಲು ಮಣ್ಣಿನೊಳಗೆ ಅಡಗಿರುತ್ತದೆ, ಕತ್ತಲಾದ ಮೇಲೆ ಬುಡ ಕಡಿಯುತ್ತದೆ, ಬೇರಿಗೂ ಬಾಯಿ ಹಾಕುತ್ತದೆ. ಆ ಜಾತಿಯಲ್ಲಿ ಹಲವು ಬಗೆಯಿವೆ, ಮರಿಯಾಗಿದ್ದಾಗ ಎಲ್ಲ ಒಂದೇ ಥರ ಕಾಣುತ್ತವೆ. ನೀರು ಚೆನ್ನಾಗಿ ಕಟ್ಟು ಅಂದೆ. ಮಣ್ಣು ನೆಂದರೆ ಅವು ಉಸಿರಾಡಲಾಗದೆ ಮೇಲೆ ಬರುತ್ತವೆ. ಅವಳು ನೀರು ಕಟ್ಟಿದಳು. ಅವು ಮೇಲೆ ಬಂದವು. ಎಲ್ಲಿದ್ದವೋ ಕೊಕ್ಕರೆಗಳು, ಗೊರವಂಕಗಳು, ಮದುವೆಯೂಟಕ್ಕೆ ಬಂದ ಹಾಗೆ ಬಂದಿಳಿದವು. ಉಳಿದವನ್ನು ಅವಳೇ ಆರಿಸಿ ಸೋಪಿನ ನೀರಿಗೆ ಹಾಕಿದಳು. ನಾನು ಬಲಿತ ಒಂದಷ್ಟು ಹುಳವನ್ನು ಮಣ್ಣಿನ ಜೊತೆ ಬಾಟಲಿಗೆ ಹಾಕಿಕೊಂಡು ಮನೆಗೆ ತಂದೆ.

ನಮ್ಮತ್ತೆ ಆಗ ಗಟ್ಟಿಯಾಗಿದ್ದರು. ಬೆಳಿಗ್ಗೆ ಸ್ನಾನ, ವಿಭೂತಿ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ. ಅದು ಮುಗಿಯುವ ತನಕ ಮನೆಯಲ್ಲಿ ಚಮಚ ಸದ್ದು ಮಾಡುವ ಹಾಗಿಲ್ಲ. ಹುಳದ ಬಾಟಲಿ ಕಂಡರೆ ಅವರಿಗೆ ಮೊದಲಿನಿಂದಲೂ ಆಗದು. 'ಎಲ್ಲಾರ್ ಮನೆ ಸೊಸ್ದೀರು ಮಲ್ಗೆ ತತ್ತಾರೆ, ನಮ್ಮವ್ವ ಹುಳ ತತ್ತಾಳೆ' ಅಂತ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಕೊನೆಗೆ ನಮ್ಮಿಬ್ಬರಿಗೂ ಒಂದು ಒಪ್ಪಂದವಾಗಿತ್ತು. ಬಾಟಲಿ ಹಿತ್ತಲ ಬಾಗಿಲ ಪಕ್ಕದ ಕಿಟಕಿಯ ಕಟ್ಟೆಯಲ್ಲಿರಬೇಕು, ಅಡುಗೆಮನೆಯ ಹೊಸಿಲು ದಾಟಬಾರದು. ಅವರು ಮುಟ್ಟುವುದಿಲ್ಲ, ನಾನು ಒಳಗೆ ತರುವುದಿಲ್ಲ.

ಹುಳ ಮಣ್ಣಿಗಿಳಿದು ಕೋಶ ಕಟ್ಟಿದವು. ಅಷ್ಟರಲ್ಲಿ ರಿಸ್ಕ್ ಸಾಹೇಬರು ಹೋಬಳಿ ತಿರುಗಲು ಬಂದರು. ಪುಟ್ಟತಾಯಮ್ಮನ ಹೊಲದ ಬದುವಿನ ಮೇಲೆ ಬಿದ್ದಿದ್ದ ಬೀಜದ ಪಾಕೀಟು ಅವರ ಕಣ್ಣಿಗೆ ಬಿತ್ತು. ಬೀಜ ಯುರೋಪಿನ ಯಾವುದೋ ದೇಶದ್ದು. ನಿಂತಲ್ಲೇ ಮೊಬೈಲು ತೆಗೆದು, ಬೀಟ್‌ರೂಟ್ ಬೇರು ತಿನ್ನುವ ಹುಳ ಅಂತ ಹುಡುಕಿದರು. ಸಿಕ್ಕಿದ್ದೂ ಯುರೋಪಿನ ಪತಂಗವೇ. ಮರಿಗಳು ಬೇರು, ಗೆಡ್ಡೆ ತಿನ್ನುತ್ತವೆ ಅಂತ ಚಿತ್ರದ ಜೊತೆ ಬರೆದಿತ್ತು. ಸಾಹೇಬರ ಮುಖ ಬಾಡಿದ್ದು ನೋಡಿ ನನಗೇ ಅಯ್ಯೋ ಅನಿಸಿತು.

'ಬೀಜದ ಜೊತೆ ಹೊರಗಿನ ಹುಳ ಬಂದಿದೆ ಮೇಡಮ್. ಜಿಲ್ಲೆಗೆಲ್ಲ ಹರಡಿದರೆ? ಅರಿಸಿನಕ್ಕೆ ಹೋದರೆ? ರಿಸ್ಕ್ ಬೇಡ. ಈ ತಾಕಿನ ಬೆಳೆ ಪೂರ್ತಿ ಕೀಳಿಸಿ ಸುಡಿಸಿಬಿಡೋಣ.'

'ಬೀಜದೊಳಗೆ ಈ ಹುಳ ಬರೋದಿಲ್ಲ ಸರ್. ಪತಂಗ ಮೊಟ್ಟೆ ಇಡೋದು ಎಲೆ ಮೇಲೆ, ಮಣ್ಣಲ್ಲಿ. ನನ್ನ ಹತ್ತಿರ ಕೋಶ ಇದೆ. ಪತಂಗ ಹೊರಗೆ ಬರಲಿ, ಗೊತ್ತಾಗುತ್ತೆ.'

'ಬಂದ ಮೇಲೆ ಅದೇ ಅಂತಾದರೆ? ಆಗ ಯಾರು ಉತ್ತರ ಹೇಳೋದು?'

ಬೇಡಿಕೊಂಡಿದ್ದಕ್ಕೆ ಮುಂದಿನ ಸೋಮವಾರದ ತನಕ ಸಮಯ ಕೊಟ್ಟರು. ಅಷ್ಟರೊಳಗೆ ಪತಂಗ ಬಂದು, ಅದು ಬೇರೆ ಅಂತ ಖಾತ್ರಿಯಾಗದಿದ್ದರೆ ಸೋಮವಾರ ಟ್ರ್ಯಾಕ್ಟರ್. ಪುಟ್ಟತಾಯಮ್ಮ ಬದುವಿನ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಳು. ಸಾಹೇಬರು ಹೋದ ಮೇಲೆ, 'ಬೆಳೆ ಓದ್ರೆ ಓಗ್ಲಿ. ಹೊಲ್ವೇ ಓಯ್ತದಲ್ಲ ಮೇಡಮ್ನೋರೆ' ಅಂದಳು. ಗುರುಮಲ್ಲಪ್ಪನವರು ಕೋಲೂರಿಕೊಂಡು ಪಕ್ಕದಲ್ಲೇ ನಿಂತಿದ್ದರು.

ಆ ವಾರ ನಾನು ಬಾಟಲಿಯನ್ನು ನೋಡಿದಷ್ಟು ಯಾವ ಕೂಸನ್ನೂ ನೋಡಿಲ್ಲ. ಒಂದು ಕೋಶಕ್ಕೆ ಬೂಸ್ಟು ಹಿಡಿಯಿತು. ಮತ್ತೊಂದರಿಂದ ಪತಂಗದ ಬದಲು ಕಪ್ಪು ನೊಣ ಹೊರಬಂತು. ಮರಿಯಾಗಿದ್ದಾಗಲೇ ಅದರ ಮೈಯೊಳಗೆ ಬೇರೆಯವರು ಸಂಸಾರ ಹೂಡಿದ್ದರು, ಇದೆಲ್ಲ ನಮ್ಮ ಕಸುಬಿನಲ್ಲಿ ಇದ್ದದ್ದೇ. ಇನ್ನೊಂದೆರಡು ಹಾಗೇ ಒಣಗಿಹೋದವು. ಭಾನುವಾರದ ಹೊತ್ತಿಗೆ ಜೀವವಿದ್ದದ್ದು ಒಂದೇ. ಬೆಳಕಿಗೆ ಹಿಡಿದರೆ ಒಳಗೆ ಕಪ್ಪಾಗಿತ್ತು. ಇವತ್ತೋ ನಾಳೆಯೋ ಬರಬೇಕು.

ಸೋಮವಾರ ಬೆಳಿಗ್ಗೆ ನೋಡಿದರೆ ಇನ್ನೂ ಬಂದಿರಲಿಲ್ಲ. ಟ್ರ್ಯಾಕ್ಟರನ್ನಾದರೂ ತಡೆಯೋಣ ಅಂತ ಬಸ್ಸು ಹತ್ತಿದೆ. ಏನು ಹೇಳಿ ತಡೆಯುವುದು, ಅದು ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಮಾತು ಜೋಡಿಸುತ್ತಾ ಹೋದೆ, ಒಂದೂ ನನಗೇ ಒಪ್ಪಿಗೆಯಾಗಲಿಲ್ಲ.

ಹೊಲದ ಹತ್ತಿರ ಸಾಹೇಬರ ಜೀಪು ನಿಂತಿತ್ತು. ಟ್ರ್ಯಾಕ್ಟರೂ ಇತ್ತು, ರಸ್ತೆಯಲ್ಲಿ, ಇಂಜಿನ್ ಆಫ್ ಆಗಿ. ಅದರ ಯಜಮಾನ ಕುಮಾರ ಸೀಟಿನಿಂದ ಇಳಿದು ಕೈಕಟ್ಟಿ ನಿಂತಿದ್ದ.

'ಸೋಮಾರ ಸಾ. ನಮ್ ಕಡೆ ಸೋಮಾರ ಹೊಲ ಉಳಲ್ಲ' ಅಂತಿದ್ದ.

ನಮ್ಮ ಕಡೆ ಸೋಮವಾರ ಬಸವಣ್ಣನ ದಿನ. ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಸಾಹೇಬರು ಬೇರೆ ಸೀಮೆಯವರು, ಅವರಿಗೆ ಇದು ಹೊಳೆದಿರಲಿಲ್ಲ. ದಿನ ಗೊತ್ತುಮಾಡುವಾಗ ನನಗೂ ಹೊಳೆಯಲಿಲ್ಲ, ಸಂಕಟದಲ್ಲಿ ಬುದ್ಧಿ ಎಲ್ಲಿತ್ತೋ.

'ಎತ್ತಿಗೆ ರಜೆ ಸರಿನಪ್ಪಾ, ಒಪ್ಪಿದೆ. ಟ್ರ್ಯಾಕ್ಟರ್‌ಗೇನು? ಡೀಸೆಲ್ ಕುಡಿಯೋದಕ್ಕೆ ಸೋಮವಾರ ಏನು, ಮಂಗಳವಾರ ಏನು?' ಅಂದರು ಸಾಹೇಬರು.

ಕುಮಾರ ಬಾನೆಟ್ಟಿನ ಮೇಲೆ ಕೈ ತೋರಿಸಿದ. ಅಲ್ಲಿ ಹಿತ್ತಾಳೆಯ ಪುಟ್ಟ ಬಸವನ ಬೊಂಬೆ, ಕೊರಳಿಗೆ ಚೆಂಡುಹೂವು. 'ಎತ್ತು ಮಾರ್ಬುಟ್ಟೇ ಸಾ ಇದ್ನ ತಕ್ಕಂಡಿದ್ದು. ಅವು ಮಾಡ್ತಿದ್ದ ಕೆಲ್ಸನೇ ಇದೂ ಮಾಡದು. ಅವುಕ್ಕಿದ್ದ ರಜಾನೂ ಇದ್ಕೆ ಇರ್ಬೇಕಲ್ವಾ?'

ಸಾಹೇಬರು ನನ್ನ ಕಡೆ ತಿರುಗಿದರು. ನಾನು ಬದುವಿನ ಮೇಲಿನ ಮೆಣಸಿನಗಿಡವೊಂದರ ಎಲೆಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದೆ. ಅಷ್ಟು ಹೊತ್ತು ಬದುವಿನ ಮೇಲೆ ಕೂತಿದ್ದ ಗುರುಮಲ್ಲಪ್ಪನವರು ಕೋಲೂರಿ ಎದ್ದರು. 'ಬುದ್ಧಿ, ನೀವು ಸರ್ಕಾರ್ದೋರು, ಕೀಳಿ ಅಂದ್ರೆ ಕೀಳ್ತೀವಿ. ಸೋಮಾರ ಬ್ಯಾಡಿ. ನಮ್ಮಪ್ಪನ ಕಾಲದಿಂದ್ಲೂ ಈ ಹೊಲುಕ್ಕೆ ಸೋಮಾರ ನೇಗ್ಲು ಇಳ್ದಿಲ್ಲ' ಅಂದರು. ದನಿ ಏರಿಸಲಿಲ್ಲ. ಸಾಹೇಬರು 'ನಾಳೆ ಬೆಳಿಗ್ಗೆ, ಖಂಡಿತ' ಅಂತ ಹೇಳಿ ಜೀಪು ಹತ್ತಿದರು. ಹತ್ತುವಾಗ, ಪತಂಗ ಬಂತಾ ಅಂತ ಕೇಳಿದರು. ಇಲ್ಲ ಅಂದೆ.

ಒಂದು ದಿನ ಸಿಕ್ಕಿತ್ತು. ಆಫೀಸಿನ ಕೆಲಸ ಮುಗಿಸಿ ಸಂಜೆ ಮನೆಗೆ ಬಂದು, ಚಪ್ಪಲಿ ಕೂಡ ಬಿಡದೆ ಹಿತ್ತಲ ಬಾಗಿಲಿಗೆ ಹೋದೆ. ಬಾಟಲಿಯ ಮುಚ್ಚಳ ಪಕ್ಕದಲ್ಲಿತ್ತು. ಒಳಗೆ ಒಡೆದ ಕೋಶದ ಸಿಪ್ಪೆ. ಪತಂಗ ಇರಲಿಲ್ಲ.

'ಅತ್ತೆಮ್ಮ, ಬಾಟ್ಲಿ ಯಾರು ತೆಗೆದಿದ್ದು?'

ಅತ್ತೆ ಅಕ್ಕಿ ಆರಿಸುತ್ತಾ ಕೂತಿದ್ದರು. 'ನಾನೇ ಕಣವ್ವ. ನೀ ಓದ ಮೇಲೆ ಈಚ್ಗೆ ಬಂತು. ರೆಕ್ಕ ಬಿಚ್ಕಂಡು ಗಾಜ್ಗೆ ಬಡ್ಕಳಕ್ ಸುರು ಮಾಡ್ತು. ಸೋಮಾರದ ದಿನ ಒಂದು ಜೀವ ಒದ್ದಾಡದ ನೋಡ್ಕಂಡು ಪೂಜೆಗೆಂಗ್ ಕೂರನ? ಬುಟ್ಬುಟ್ಟೆ.'

ನನಗೆ ಕೋಪ ಬಂತು ಅಂದರೆ ಕಡಿಮೆಯಾದೀತು. ಅಳು ಬಂತು. ಅಲ್ಲೇ ಹೊಸಿಲ ಮೇಲೆ ಕುಸಿದು ಕೂತು, ಅದೊಂದು ಹುಳ ಅಲ್ಲ ಅತ್ತೆಮ್ಮ, ಒಬ್ಬಳ ಹೊಲ ಅದು ಅಂದೆ. ಪುಟ್ಟತಾಯಮ್ಮ, ಶುಂಠಿಯವರು, ಟ್ರ್ಯಾಕ್ಟರ್, ಎಲ್ಲ ಹೇಳಿದೆ. ಅಲ್ಲಿಯ ತನಕ ಮನೆಯಲ್ಲಿ ಇದನ್ನು ಹೇಳಿಯೇ ಇರಲಿಲ್ಲ. ಅತ್ತೆ ಮೊರ ಪಕ್ಕಕ್ಕಿಟ್ಟರು.

'ಅದ್ಕ್ಯಾಕ್ ಅಳ್ತೀಯಮ್ಮಿ? ಅದೆಲ್ಗೂ ಓಗಿಲ್ಲ. ದಾಸ್ವಾಳದ ಗಿಡುಕ್ ಬುಟ್ಟಿದ್ದೆ, ಬೆಳ್ಗಿಂದ್ಲೂ ಅಲ್ಲೇ ಕುಂತದೆ. ಮದ್ಯಾನಾನೂ ನೋಡ್ಬಂದೆ, ಅಳ್ಳಾಡಿಲ್ಲ.'

ಈ ಪತಂಗಗಳು ಹಗಲು ಕೂತ ಕಡೆಯಿಂದ ಕದಲುವುದಿಲ್ಲ. ಪುಸ್ತಕದಲ್ಲಿ ಓದಿದ್ದೆ, ಊರೂರಲ್ಲಿ ರೈತರಿಗೆ ಹೇಳಿದ್ದೆ. ಆ ಗಳಿಗೆಯಲ್ಲಿ ಮರೆತಿದ್ದೆ. ಹೊತ್ತು ಮುಳುಗುತ್ತಿತ್ತು. ಕತ್ತಲಾದರೆ ಅದು ಹಾರುತ್ತದೆ. ಇಬ್ಬರೂ ಹಿತ್ತಲಿಗೆ ಓಡಿದೆವು. ಅತ್ತೆ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದಾಸವಾಳದ ಬುಡದಲ್ಲಿ, ತೊಗಟೆಯ ಬಣ್ಣಕ್ಕೆ ಬಣ್ಣ ಸೇರಿಸಿಕೊಂಡು ಕೂತಿತ್ತು. ನನ್ನ ಕಣ್ಣಿಗೆ ಕಾಣಲೇ ಇಲ್ಲ, ಅತ್ತೆಯೇ ಬೆರಳಿಟ್ಟು ತೋರಿಸಿದರು. ನಾನು ಬಾಟಲಿ ಹಿಡಿದೆ. ಅವರು ಬೇಡ ಅಂದರು. ಒಳಗೆ ಹೋಗಿ ಹಿಟ್ಟಿನ ಜರಡಿ ಮತ್ತು ಒಂದು ತಟ್ಟೆ ತಂದು, ಮಗುವಿನ ಮೇಲೆ ದುಪ್ಪಟಿ ಹೊದಿಸುವ ಹಾಗೆ ಜರಡಿ ಕವಿಚಿ, ಅಡಿಗೆ ತಟ್ಟೆ ತೂರಿಸಿದರು. ಪತಂಗಕ್ಕೆ ಗೊತ್ತೇ ಆಗಲಿಲ್ಲ.

'ಇವತ್ತು ಮಾತ್ರ ಇದ್ರ ಜೀವ ತಗೀಬ್ಯಾಡ. ನಾಳಿಕ್ಕೆ ನಿನ್ ಸರ್ಕಾರ, ನೀನು' ಅಂದರು. ಆ ಜರಡಿ ಅಡುಗೆಮನೆಯ ಹೊಸಿಲು ದಾಟಿ, ಒಳಗೆ ಕಟ್ಟೆಯ ಮೇಲೆ ಕೂತಿತು. ದಾಟಿಸಿದವರು ಅತ್ತೆಯೇ. ಪಕ್ಕದಲ್ಲೊಂದು ಬೆಲ್ಲದ ಚೂರನ್ನೂ ಇಟ್ಟರು.

ಮಂಗಳವಾರ ಬೆಳಿಗ್ಗೆಯೇ ಸಾಹೇಬರಿಗೆ ಫೋನು ಮಾಡಿದೆ. ಪತಂಗ ಬಂದಿದೆ, ನಾನೇ ಚಾಮರಾಜನಗರಕ್ಕೆ ತರುತ್ತೇನೆ, ಬೇಗೂರಿಗೆ ಹೊರಡುವ ಮೊದಲು ನೀವೇ ಒಂದು ಸಲ ನೋಡಿ ಅಂದೆ. ರಿಸ್ಕ್ ಅಂತ ಬಾಯಿ ತೆಗೆದರು. 'ನೋಡದೆ ಸುಟ್ಟು, ಆಮೇಲೆ ಅದು ಇಲ್ಲಿಯದೇ ಅಂತಾದರೆ ಅದೂ ರಿಸ್ಕೇ ಸರ್' ಅಂದೆ. ಆಮೇಲೆ 'ಬನ್ನಿ' ಅಂದರು. ತೆರಕಣಾಂಬಿ ಮೇಲೆ ಹೋಗುವ ಬಸ್ಸಿನಲ್ಲಿ ಜರಡಿ ತಟ್ಟೆಯನ್ನು ಟವೆಲ್ಲಿನಲ್ಲಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಪಕ್ಕದ ಹೆಂಗಸು ತಿಂಡಿ ಏನು ಅಂತ ಕೇಳಿದಳು. ಏನೋ ಒಂದು ಹೇಳಿದೆ.

ಕೀಟಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ಆಗ ಚಾಮರಾಜನಗರದಲ್ಲಿದ್ದರು. ಮನೆಯ ಒಂದು ಕೋಣೆ ತುಂಬ ಪತಂಗದ ಪೆಟ್ಟಿಗೆಗಳು. ಸಾಹೇಬರೂ ನಾನೂ ಒಟ್ಟಿಗೇ ಒಳಗೆ ಹೋದೆವು. ಮೇಷ್ಟ್ರು ಟವೆಲ್ಲು ಬಿಚ್ಚಿ, ಜರಡಿ ನೋಡಿ ನಕ್ಕರು. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಸಾಹೇಬರು ಮೊಬೈಲಿನಲ್ಲಿದ್ದ ಯುರೋಪಿನ ಪತಂಗದ ಚಿತ್ರವನ್ನೂ ಅವರ ಮುಂದೆ ಹಿಡಿದರು, ಕಾಲು ನೆಲಕ್ಕೆ ತಟ್ಟುತ್ತಲೇ ಇತ್ತು.

'ಹಿಂದಿನ ರೆಕ್ಕೆ ನೋಡಿ, ಮುತ್ತಿನ ಹಾಗೆ ಬಿಳುಪು. ಮೀಸೆ ಬಾಚಣಿಗೆಯ ಹಾಗಿದೆ, ಇದು ಗಂಡು. ಮೇಲಿನ ರೆಕ್ಕೆಯ ಮಚ್ಚೆ ಒಂದೂ ಅಳಿಸಿಲ್ಲ. ಜರಡಿಯಾದ್ದರಿಂದ ಬಲೆ ಹಿಡಿದು ಕೂತಿದೆ, ಜಾರುವ ಗಾಜಿನ ಬಾಟಲಿಯೊಳಗೇ ರಾತ್ರಿ ಕಳೆದಿದ್ದರೆ ಬಡಿದುಕೊಂಡು ಪುಡಿಯೆಲ್ಲ ಉದುರಿಸಿಕೊಂಡಿರುತ್ತಿತ್ತು. ಯಾರಮ್ಮ ಹಿಡಿದಿದ್ದು?'

'ನಮ್ಮತ್ತೆ' ಅಂದೆ.

ಆಮೇಲೆ ಮೇಷ್ಟ್ರು ಸಾಹೇಬರ ಕಡೆ ತಿರುಗಿದರು. 'ನೀವು ಮೊಬೈಲಿನಲ್ಲಿ ತೋರಿಸಿದಿರಲ್ಲ ಸರ್, ಅದೇ ಇದು. ಹೆಸರು ಸರಿಯಾಗಿ ಹಿಡಿದಿದ್ದೀರಿ.'

ಸಾಹೇಬರ ಕೈ ಆಗಲೇ ಮೊಬೈಲಿಗೆ ಹೋಗಿತ್ತು. ಅಷ್ಟರಲ್ಲಿ ಮೇಷ್ಟ್ರು ಎದ್ದು ಗೋಡೆಯ ಕಡೆಯ ಹಳೆಯ ಪೆಟ್ಟಿಗೆಯೊಂದನ್ನು ಇಳಿಸಿ ನಮ್ಮ ಮುಂದಿಟ್ಟರು. ಒಳಗೆ ಸೂಜಿ ಚುಚ್ಚಿದ ಪತಂಗ, ಬಣ್ಣ ಮಾಸಿದೆ, ಮಚ್ಚೆ ಅವೇ, ಬಿಳಿ ರೆಕ್ಕೆ ಅದೇ.

'ಇದನ್ನು ನಾನು ಹುಡುಗನಾಗಿದ್ದಾಗ ಹಿಡಿದದ್ದು, ಗುಂಡ್ಲುಪೇಟೆ ಕಡೆಯೇ, ಆಲೂಗಡ್ಡೆ ಹೊಲದಲ್ಲಿ. ಆಗ ನಿಮ್ಮ ಪರದೇಶದ ಬೀಜದ ಪಾಕೀಟು ಎಲ್ಲಿತ್ತು? ಇದಕ್ಕೆ ಮೊದಲು ಹೆಸರಿಟ್ಟವರು ಯುರೋಪಿನವರು, ಅದಕ್ಕೆ ಅಲ್ಲಿಯದು ಅಂತ ಬರೆದಿರುತ್ತಾರೆ. ಅಲ್ಲಿಂದ ಇಲ್ಲಿಯ ತನಕ ಎಲ್ಲ ಕಡೆಯೂ ಇದೆ. ಇದು ಬಂದದ್ದಲ್ಲ ಸರ್, ಇದ್ದದ್ದು. ತೊಂದರೆ ಕೊಡುತ್ತೆ, ಇಲ್ಲ ಅನ್ನುವುದಿಲ್ಲ. ಮೇಡಮ್ ಮಾಡಿಸುತ್ತಿರುವ ಹಾಗೆ ನೀರು ಕಟ್ಟಿಸಿ, ಆರಿಸಿ. ಸುಡುವುದಕ್ಕೆ ಏನೂ ಇಲ್ಲ.'

ಸಾಹೇಬರು ಕುರ್ಚಿಗೆ ಒರಗಿದರು. ಕರ್ಚೀಫು ತೆಗೆದು ಮುಖ ಒರೆಸಿಕೊಂಡರು, ಕತ್ತು ಒರೆಸಿಕೊಂಡರು. ನನಗಿಂತ ಅವರಿಗೇ ಹೆಚ್ಚು ಸಮಾಧಾನವಾಗಿತ್ತು ಅಂತ ಈಗಲೂ ಅನಿಸುತ್ತದೆ. 'ಆ ಹೆಂಗಸಿನ ಬೆಳೆ ಕೀಳಿಸಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ ಮೇಡಮ್' ಅಂದರು. ಆ ಮಾತು ಅವರ ಬಾಯಿಂದ ಬಂದದ್ದಕ್ಕೆ ಅಲ್ಲಿಯ ತನಕದ ನನ್ನ ಸಿಟ್ಟೆಲ್ಲ ಇಳಿಯಿತು. ಟ್ರ್ಯಾಕ್ಟರ್ ಬೇಡ ಅಂತ ಅವರೇ ಕುಮಾರನಿಗೆ ಫೋನು ಮಾಡಿದರು. ನಾನು ಪುಟ್ಟತಾಯಮ್ಮನಿಗೆ ಮಾಡಿದೆ. ಬದುವಿನ ಮೇಲೇ ಕೂತಿದ್ದಳು, ಪಕ್ಕದಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳುತ್ತಿತ್ತು. ಕೀಳುವುದಿಲ್ಲ ಕಣಮ್ಮಾ, ಹುಳ ನಮ್ಮ ಕಡೆಯದೇ ಅಂದೆ. ಟ್ರ್ಯಾಕ್ಟರಿನ ಸದ್ದು ನಿಂತಿತು. ಮೂಗು ಒರೆಸಿಕೊಂಡದ್ದು ಕೇಳಿಸಿತು.

'ಅಂಗಾರೆ ನೀರ್ ಕಟ್ಲಾ ಮೇಡಮ್ನೋರೆ? ಕರೆಂಟ್ ಅದೆ ಈಗ' ಅಂದಳು.

ಕಟ್ಟು ಅಂದೆ. ಪತಂಗವನ್ನು ಮೇಷ್ಟ್ರು ಇಟ್ಟುಕೊಂಡರು. ಜರಡಿ ತೊಳೆದು ಮನೆಗೆ ತಂದೆ. ಬಾಟಲಿಯೊಳಗೇ ಇದ್ದಿದ್ದರೆ ಗುರುತೇ ಸಿಗುತ್ತಿರಲಿಲ್ಲವಂತೆ ಅಂತ ಅತ್ತೆಗೆ ಹೇಳಿದೆ. ಅವರು ಬಹಳ ದಿನ ಅದನ್ನು ಬೀದಿಗೆಲ್ಲ ಹೇಳಿದರು. ನನ್ನ ಸರ್ವಿಸು ಪೂರ್ತಿ ತಾವೇ ನಡೆಸಿಕೊಟ್ಟ ಹಾಗೆ ಹೇಳುತ್ತಿದ್ದರು. ನಾನು ಅಡ್ಡ ಬರಲಿಲ್ಲ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಆ ಹುಡುಗಿಯ ಕಾಫಿ ಆರಿಹೋಗಿತ್ತು. 'ಹೊಲ ಏನಾಯ್ತು ಮೇಡಮ್?' ಅಂದಳು. ಅದನ್ನು ಕೇಳಿದ್ದಕ್ಕೇ ಈ ಹುಡುಗಿ ಕೆಲಸ ಕಲಿಯುತ್ತಾಳೆ ಅಂತ ನನಗೆ ಧೈರ್ಯ ಬಂತು. ಬಹಳ ಜನ ಹುಳ ಏನಾಯ್ತು ಅಂತ ಕೇಳುತ್ತಾರೆ.

ಹುಳ ತಿಂದದ್ದು ತಿಂದಿತ್ತು, ಉಳಿದದ್ದು ಚೆನ್ನಾಗಿ ಬಂತು. ಗೆಡ್ಡೆ ಕೀಳುವ ದಿನ ನಾನೂ ಹೋಗಿದ್ದೆ. ಹಳ್ಳ ಬಿದ್ದವನ್ನು ಬೇರೆ ಗುಡ್ಡೆ ಹಾಕಿ, ಒಳ್ಳೆಯವನ್ನು ಮೂಟೆ ಕಟ್ಟಿ ಲಾರಿಗೆ ಏರಿಸುತ್ತಿದ್ದರು. ಆ ದಿನವೂ ಸೋಮವಾರ. ಉಳುವುದಕ್ಕಷ್ಟೇ ಆ ದಿನ ರಜೆ, ಕೈಯಲ್ಲಿ ಕೀಳುವುದಕ್ಕಲ್ಲ. ಅಷ್ಟರಲ್ಲಿ ಶುಂಠಿಯವರ ಜೀಪು ಬಂತು. ಇಬ್ಬರು ಇಳಿದರು, ಒಬ್ಬನಿಗೆ ಅರೆಬರೆ ಕನ್ನಡ. ಬದುವಿನ ಮೇಲೆ ಕೂತಿದ್ದ ಗುರುಮಲ್ಲಪ್ಪನವರ ಹತ್ತಿರ ಹೋಗಿ, ಬೆಳೆ ತೆಗೆದಾಯಿತಲ್ಲ, ಇನ್ನು ಗುತ್ತಿಗೆಯ ಮಾತು ಮುಗಿಸೋಣವಾ ಅಂತ ಕೇಳಿದರು.

ಪುಟ್ಟತಾಯಮ್ಮ ಮೂಟೆ ಹೊಲಿಯುತ್ತಿದ್ದವಳು ಕೈ ನಿಲ್ಲಿಸಿದಳು. ಅವಳು ಹೇಳಿದ ಮಾತು ಅವಳಿಗೆ ನೆನಪಿತ್ತು, ಮಾವನಿಗೆ ನೆನಪಿದೆಯೋ ಇಲ್ಲವೋ ಗೊತ್ತಿರಲಿಲ್ಲ. ಅರ್ಧ ಬೆಳೆ ಹುಳದ ಪಾಲಾಗಿತ್ತಲ್ಲ, ಇದನ್ನು ಮಾವ ಬೆಳೆ ಕೈಗೆ ಬಂದದ್ದು ಅಂತ ಲೆಕ್ಕ ಹಿಡಿಯುತ್ತಾರೋ ಇಲ್ಲವೋ.

'ಇವತ್ತು ಸೋಮಾರ' ಅಂದರು ಗುರುಮಲ್ಲಪ್ಪನವರು. 'ಸೋಮಾರ ನಾನು ಹೊಲದ ಮಾತಾಡಲ್ಲ.'

'ಹಾಗಾದ್ರೆ ನಾಳೆ ಬರ್ತೇವೆ ಗೌಡ್ರೇ.'

'ನಾಳಿಕ್ ಬಂದ್ರೂ ನನ್ ಕೇಳ್ಬ್ಯಾಡಿ' ಅಂದರು. ಕೋಲನ್ನು ಮೂಟೆಗಳ ಕಡೆ ಚಾಚಿದರು. 'ಹೊಲ ಅವುಳ್ದು. ಅವುಳ್ನ ಕೇಳಿ.'

ಪುಟ್ಟತಾಯಮ್ಮ ತಲೆ ಎತ್ತಲಿಲ್ಲ. ಗೋಣಿಸೂಜಿಗೆ ದಾರ ಪೋಣಿಸುತ್ತಿದ್ದಳು. ಅದು ಸೂಜಿಯ ಕಣ್ಣಿಗೆ ಹೋಗುತ್ತಿರಲಿಲ್ಲ. ನಾನೇ ಇಸಿದುಕೊಂಡು ಪೋಣಿಸಿಕೊಟ್ಟೆ.